ನೆಟ್ಟನೆಯ ಗೆರೆ

ಇವತ್ತಿನ ಕಾಗದದ ಮೇಲೂ ಗೆರೆ ನೆಟ್ಟಗೇ ಇತ್ತು. ದಿನಕರ ಶೇಲಾರ ಭೂಕಂಪ ಮಾಪಕದ ಡ್ರಮ್ಮಿನಿಂದ ಅದನ್ನು ಬಿಡಿಸಿ, ಎರಡು ಬೆರಳ ತುದಿಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ ನೋಡಿದ. ಮಸಿಯ ಮೇಲೆ ಸೂಜಿ ಕೊರೆದ ಬಿಳಿ ಗೆರೆಗಳು ಒಂದರ ಕೆಳಗೊಂದು, ಎಡದಿಂದ ಬಲಕ್ಕೆ, ನಿನ್ನೆ ಬೆಳಿಗ್ಗೆ ಎಂಟರಿಂದ ಇವತ್ತು ಬೆಳಿಗ್ಗೆ ಎಂಟರವರೆಗೆ. ನಿಮಿಷಕ್ಕೊಂದು ಸಣ್ಣ ಗುರುತು, ಗಡಿಯಾರ ತಾನೇ ಹಾಕಿದ್ದು. ಅದನ್ನು ಬಿಟ್ಟರೆ ಎಲ್ಲೂ ಒಂದು ನಡುಕವಿಲ್ಲ, ಒಂದು ಕೊಂಕಿಲ್ಲ. ಬೇರೆ ಯಾರಾದರೂ ಆಗಿದ್ದರೆ ದೇವರಿಗೊಂದು ಕೈ ಮುಗಿದು ಚಹಾ ಕುಡಿಯಲು ಹೋಗುತ್ತಿದ್ದರು. ದಿನಕರ ನೆಲದ ಮೇಲೆ ಹಿಮ್ಮಡಿಯಿಂದ ಒಮ್ಮೆ ಕುಟ್ಟಿದ. ಆಗಲೇ ಏರಿಸಿದ್ದ ಹೊಸ ಕಾಗದದ ಮೇಲೆ ಸೂಜಿ ಥಟ್ಟನೆ ಹಾರಿ ಒಂದು ಮುಳ್ಳು ಬಿಡಿಸಿತು. ಸೂಜಿ ಜೀವಂತವಾಗಿದೆ. ಮತ್ತೊಮ್ಮೆ ಕುಟ್ಟಿದ. ಮತ್ತೊಂದು ಮುಳ್ಳು. ಹದಿನೇಳು ವರ್ಷಗಳಿಂದ ಕಾಗದ ಬದಲಿಸಿದಾಗಲೆಲ್ಲ ಅವನು ಹೀಗೆ ಕುಟ್ಟುತ್ತಾನೆ. ಎರಡು ಸಲ ಸಾಕು. ಇವತ್ತು ಆರು ಸಲ ಕುಟ್ಟಿದ.

ಹಾಲಿನ ಬಂಡು ಝೋರೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಧನಗರ ಜಾತಿಯವನು, ಮೇಲಿನ ಗುಡ್ಡದಿಂದ ಎಮ್ಮೆ ಹಾಲು ತಂದು ಕೇಂದ್ರಕ್ಕೂ ಕೆಳಗಿನ ವಸತಿಗೂ ಹಾಕಿ ಹೋಗುವವನು. ಹಾಲಿನ ಜೊತೆ ಊರಿನ ಮಾತೂ ಅವನ ಕ್ಯಾನಿನಲ್ಲೇ ಬರುತ್ತಿತ್ತು. ಭೂಮಿ ಸುಮ್ಮನಿದ್ದರೆ ನೀನೇ ಕುಣಿದು ನಡುಗಿಸುತ್ತೀಯಾ ಎಂದು ಅವನು ಮೊದಲು ಗೇಲಿ ಮಾಡಿದ. ಆಮೇಲೆ ದನಿ ತಗ್ಗಿಸಿದ. ಅಕ್ಕ ಹೌಸಾಬಾಯಿ ಹೇಳಿ ಕಳಿಸಿದ್ದಾಳೆ: ಸಂಜೆಯೊಳಗೆ ಬಂದು ಒಂದು ಮಾತು ಹೇಳಿ ಹೋಗಬೇಕಂತೆ. ಮಗಳು ಶೇವಂತಾಳ ಕೂಸಿನ ಎದೆ ಗೊರಗೊರ ಅನ್ನುತ್ತಿದೆಯಂತೆ. ಬೀಗಿತ್ತಿ, ಶೇವಂತಾಳ ಅತ್ತೆ, ನಿನ್ನೆಯಿಂದ ಊಟ ಬಿಟ್ಟು ಕೂತಿದ್ದಾಳಂತೆ, ಇವತ್ತು ರಾತ್ರಿ ಬಾಣಂತಿಯನ್ನೂ ಕೂಸನ್ನೂ ಒಳಗೆ ಮಲಗಿಸದಿದ್ದರೆ ನಾಳೆ ಮೊದಲನೆಯ ಬಸ್ಸಿಗೆ ಇಬ್ಬರನ್ನೂ ತನ್ನೂರಿಗೆ ಕರೆದುಕೊಂಡು ಹೋಗುತ್ತಾಳಂತೆ. ಆ ಥಂಡಿಯಲ್ಲಿ, ಆ ಬಸ್ಸಿನಲ್ಲಿ, ಒಂಬತ್ತು ದಿನದ ಕೂಸು.

"ನಿಮ್ಮ ಅಕ್ಕ ಏನಂದ್ಲು ಗೊತ್ತೈತೇನು?" ಎಂದ ಬಂಡು, ಹಾಲು ಅಳೆಯುತ್ತ. "ದಿನಕರ ಒಳಗ ಅಂದ್ರ ಒಳಗ, ಹೊರಗ ಅಂದ್ರ ಹೊರಗ. ಅವನ ಮಾತಿನ ಮ್ಯಾಲೆ ಮಾತಿಲ್ಲ, ಅಂದ್ಲು."

ಅವನು ಹೋದ ಮೇಲೂ ದಿನಕರ ಪಾತ್ರೆ ಹಿಡಿದು ನಿಂತೇ ಇದ್ದ. ಅವನ ಮಾತಿನ ಮೇಲೆ ಮಾತಿಲ್ಲ. ಹೊಗಳಿಕೆಯೋ ಇದು, ಶಾಪವೋ? ಹೌಸಾಬಾಯಿ ಅವನಿಗಿಂತ ಆರು ವರ್ಷ ದೊಡ್ಡವಳು, ಅವನ ಮೂಗು ಒರೆಸಿ ಬೆಳೆಸಿದವಳು. ಅವಳ ಮಾತಿನಲ್ಲಿ ಕೊಂಕು ಹುಡುಕುವುದು ತನ್ನದೇ ಕಳ್ಳತನ ಎಂದು ಅವನಿಗೆ ಗೊತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಈ ಹದಿನೇಳು ವರ್ಷಗಳಲ್ಲಿ ಅವಳು ಒಂದೇ ಒಂದು ಸಲ ಆ ಸಂಜೆಯ ಮಾತು ಎತ್ತಿಲ್ಲ. ಭೂಮಿ ಸಣ್ಣಗೆ ನಡುಗಿದಾಗಲೆಲ್ಲ, ವರ್ಷಕ್ಕೆ ನೂರು ಸಲ ನಡುಗುತ್ತದೆ, ಸಿಕ್ಕಾಗ ಕೇಳುತ್ತಾಳೆ, ಏನಂತೈತೋ ನಿನ್ನ ಸೂಜಿ ಎಂದು. ಅವನು ಏನೋ ಒಂದು ಹೇಳುತ್ತಾನೆ. ಅವಳು ತಲೆಯಾಡಿಸುತ್ತಾಳೆ. ಮತ್ತೆ ಅಂಗಳಕ್ಕೇ ಹೋಗಿ ಮಲಗುತ್ತಾಳೆ. ನಾಲ್ಕು ಕಂಬದ ಮೇಲೆ ಹುಲ್ಲು ಹೊದಿಸಿ, ಮಳೆಗಾಲದಲ್ಲಿ ಗೋಣಿತಟ್ಟು ಕಟ್ಟಿಕೊಂಡು, ಆ ಸುರಿಯುವ ನಾಲ್ಕು ತಿಂಗಳೂ ಅವಳು ಗೋಡೆಯ ಒಳಗೆ ಕಣ್ಣು ಮುಚ್ಚಿದವಳಲ್ಲ. ಅಡಿಗೆ ಒಳಗೆ, ದೇವರು ಒಳಗೆ, ನಿದ್ದೆ ಹೊರಗೆ. ಊರಿನವರು ಮೊದಮೊದಲು ತಾವೂ ಹಾಗೇ ಮಾಡಿದರು. ಆ ದೊಡ್ಡ ಭೂಕಂಪದ ಮೇಲೆ ಸರಕಾರ ಕೊಟ್ಟ ತಗಡಿನ ಮನೆಗಳು ಹತ್ತು ಮಳೆಗಾಲಕ್ಕೆ ತುಕ್ಕು ತಿಂದು ಜರಡಿಯಾದವು. ಆಮೇಲೆ ಜನ, ಅವರನ್ನೇನು ಅನ್ನುವುದು, ಬಿದ್ದ ಕಲ್ಲುಗಳನ್ನೇ ಆರಿಸಿಕೊಂಡು ಬಂದು ಮಣ್ಣು ಮೆತ್ತಿ ಮತ್ತೆ ಗೋಡೆ ಎಬ್ಬಿಸಿದರು. ಹೌಸಾಬಾಯಿಯ ಮನೆಯ ಗೋಡೆಯಲ್ಲಿರುವುದೂ ಅವೇ ಕಲ್ಲು. ಯಾವ ಕಲ್ಲು ಯಾರ ಮೇಲೆ ಬಿದ್ದದ್ದು ಎಂದು ಯಾರೂ ಗುರುತು ಹಾಕಿಟ್ಟಿಲ್ಲ.

ಮಸಿ ಹಿಡಿಸುವ ಕೋಣೆಯಲ್ಲಿ ಅವನು ನಾಳೆಯ ಕಾಗದವನ್ನು ಉರುಳೆಗೆ ಸುತ್ತಿದ. ಸೀಮೆಎಣ್ಣೆಯ ದೀಪದ ಬತ್ತಿ ಏರಿಸಿ, ಹೊಗೆಯ ಮೇಲೆ ಉರುಳೆಯನ್ನು ನಿಧಾನಕ್ಕೆ ತಿರುಗಿಸಿದ. ಮಸಿ ತೆಳುವಾದರೆ ಗೆರೆ ಕಾಣುವುದಿಲ್ಲ, ದಪ್ಪವಾದರೆ ಸೂಜಿ ಸಿಕ್ಕಿಹಾಕಿಕೊಳ್ಳುತ್ತದೆ. ಕಾಡಿಗೆ ಹಚ್ಚಿದ ಹಾಗೆ ಹದವಾಗಿ ಬರಬೇಕು. ಇಡೀ ಜಿಲ್ಲೆಯಲ್ಲಿ ಈ ಹದ ಅವನಷ್ಟು ಬಲ್ಲವರಿಲ್ಲ. ಕೊಯ್ನೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಎರಡು ಎಕರೆ ಭತ್ತದ ಗದ್ದೆಗೆ ಬದಲಾಗಿ ಅವನಿಗೆ ಸಿಕ್ಕ ವಿದ್ಯೆ ಇದು. ಉಗುರಿನ ಸಂದಿನ ಮಸಿ ಮದುವೆಯ ದಿನವೂ ಹೋಗಿರಲಿಲ್ಲ. ಹೆಂಡತಿ ವತ್ಸಲಾ ಇವತ್ತಿಗೂ ಅವನು ಮುರಿದ ಭಾಕರಿ ರೊಟ್ಟಿ ಮುಟ್ಟುವುದಿಲ್ಲ, ಸೀಮೆಎಣ್ಣೆ ನಾರುತ್ತದೆ ಅನ್ನುತ್ತಾಳೆ. ಹೌಸಾಬಾಯಿಯ ಗಂಡ ಸಖಾರಾಮ ಅವನನ್ನು ಕರೆಯುತ್ತಿದ್ದುದೇ ಮಸಿಸಾಹೇಬ ಎಂದು. ಓದಿದವರಿಗೆ ಸರಕಾರ ಕುರ್ಚಿ ಕೊಡುತ್ತದೆ, ನಮ್ಮ ಮೈದುನನಿಗೆ ಮಸಿ ಬಳಿಯುವ ಕೆಲಸ ಕೊಟ್ಟಿದೆ ಎಂದು ನಾಲ್ಕು ಜನರೆದುರು ಹೇಳಿ ನಗುತ್ತಿದ್ದ. ಕೆಟ್ಟ ಮನುಷ್ಯನಲ್ಲ. ನಗಿಸುವ ಚಟ. ಆದರೆ ಆ ನಗು ದಿನಕರನ ಬೆನ್ನ ಮೇಲೆ ತುರಿಕೆಯ ಸೊಪ್ಪು ತಿಕ್ಕಿದ ಹಾಗೆ ಉಳಿದುಬಿಡುತ್ತಿತ್ತು. ಕೇಂದ್ರದಲ್ಲೂ ಸುಖವಿರಲಿಲ್ಲ. ಹದಿನೇಳು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಮೇಲಿನವರು ಯಾರೋ ನೋಡಲು ಬಂದಿದ್ದರು. ಆಗಿನ ಸಾಹೇಬ ಅವರೆದುರು ದಿನಕರನ ಕಾಗದ ಎತ್ತಿ ಹಿಡಿದು, ಇರುವೆ ಹರಿದಂತಿದೆ, ಇದನ್ನು ಗೆರೆ ಅನ್ನುತ್ತಾರಾ ಎಂದು ಕೇಳಿದ. ಬಂದವರು ನಕ್ಕರು. ದಿನಕರನೂ ನಕ್ಕ. ಅವರು ಹೋದ ಮೇಲೆ ಅವನು ಸೂಜಿಯ ಕುತ್ತಿಗೆಯನ್ನು ಒಂದು ಕೂದಲೆಳೆಯಷ್ಟು ಕೆಳಗೆ ಬಗ್ಗಿಸಿದ. ಕೂದಲೆಳೆಯಷ್ಟೇ.

ಮಾರನೆಯ ಬೆಳಿಗ್ಗೆ ಬಂದ ಗೆರೆಯನ್ನು ನೋಡಬೇಕಿತ್ತು. ಎಷ್ಟು ಬೆಳ್ಳಗೆ, ಎಷ್ಟು ದಿಟ್ಟವಾಗಿ, ಎಷ್ಟು ನೆಟ್ಟಗೆ. ಸೆಪ್ಟೆಂಬರಿನಿಂದ ದಿನಾ ಹತ್ತಾರು ಸಲ ನಡುಗುತ್ತಿದ್ದ ಭೂಮಿ ಅವತ್ತು ಒಂದು ಸಲವೂ ನಡುಗಿರಲಿಲ್ಲ. ನಿಮಿಷದ ಗುರುತುಗಳು ಸಾಲಾಗಿ ಬಿದ್ದಿದ್ದವು, ಆದ್ದರಿಂದ ಯಂತ್ರ ನಡೆಯುತ್ತಿದೆ ಎಂಬುದರಲ್ಲಿ ಅನುಮಾನವೇ ಬರಲಿಲ್ಲ. ಅವನು ಮಸಿ ಉದುರದಂತೆ ಕಾಗದವನ್ನು ಅರಗಿನ ನೀರಿನಲ್ಲಿ ಅದ್ದಿ ಒಣಹಾಕಿ, ಅದರ ಚಂದವನ್ನು ಎರಡು ಮೂರು ಸಲ ಹೋಗಿ ನೋಡಿ ಬಂದ. ಸಂಜೆ ಹೊಸ ಅಂಗಿ ತೊಟ್ಟು ಅಕ್ಕನ ಮನೆಗೆ ನಡೆದ. ಅಂಗಳದಲ್ಲಿ ಚಾಪೆಗಳು ಹಾಸಿದ್ದವು. ಮೂರು ತಿಂಗಳಿಂದ ಇಡೀ ಊರು ಅಂಗಳದಲ್ಲೇ ಮಲಗುತ್ತಿತ್ತು, ಬೋರಲು ಹಾಕಿದ ಗಂಗಾಳದ ಮೇಲೆ ತುಂಬಿದ ಚೊಂಬು ಇಟ್ಟುಕೊಂಡು. ಚೊಂಬು ಬಿದ್ದು ಸದ್ದಾದರೆ ಏಳಬೇಕು. ಅವತ್ತು ಥಂಡಿ ವಿಪರೀತ. ಅಕ್ಕನ ಹುಡುಗರಿಬ್ಬರೂ, ಕಿಸನ, ಬಾಳು, ಒಂದೇ ಕಂಬಳಿಗಾಗಿ ಕಿತ್ತಾಡುತ್ತಿದ್ದರು. ಮೂರು ವರ್ಷದ ಶೇವಂತಾಗೆ ಹೊಟ್ಟೆ ಕೆಟ್ಟಿತ್ತು. ಸಖಾರಾಮ ಎಂದಿನಂತೆ, ಬಂದರು ಮಸಿಸಾಹೇಬರು, ಏನಂತಾಳೆ ಭೂಮಿತಾಯಿ ಎಂದ. ಆಗ ದಿನಕರ, ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಭೂಮಿ ಮಲಗೇತಿ ಅಕ್ಕಾ. ನೀವೂ ಒಳಗ ಹೋಗಿ ಮಲಗ್ರಿ."

ಇವತ್ತು, ಕೇಂದ್ರದ ಈಗಿನ ಸಾಹೇಬ ಪರಚುರೆ ಒಂಬತ್ತೂವರೆಗೆ ಬಂದ. ಪುಣೆಯವನು, ಮೂವತ್ತೂ ತುಂಬಿರದ ಒಳ್ಳೆಯ ಹುಡುಗ, ದಿನಕರನಿಗೆ ಬಹುವಚನ ಕೊಡುತ್ತಾನೆ, ಕೂತುಕೊಳ್ಳಿ ಅನ್ನುತ್ತಾನೆ, ದಿನಕರ ಕೂರುವುದಿಲ್ಲ. ಕಾಗದ ನೋಡಿ, ವಾಹ್ ಎಂದ. ದಿನಕರ ಬಹಳ ಹೊತ್ತು ಅವನ ಮೇಜಿನ ಪಕ್ಕ ಸುಳಿದಾಡಿದ. ಕೊನೆಗೆ, ಇವತ್ತು ರಾತ್ರಿ ಏನಾದರೂ ಆಗಬಹುದೇ ಎಂದು ಕೇಳಿದ. ಕೇಳಿದ ಕೂಡಲೇ ಕಿವಿ ಬಿಸಿಯಾಯಿತು. ಇಪ್ಪತ್ತು ವರ್ಷ ಈ ಕೋಣೆಯಲ್ಲಿ ಕಳೆದವನು ಜ್ಯೋತಿಷಿಯ ಹತ್ತಿರ ಹೋದವನಂತೆ ಕೇಳಿದ್ದ.

"ಶೇಲಾರರೇ, ಈ ಗೆರೆ ನಿನ್ನೆಯದು," ಎಂದ ಪರಚುರೆ, ಬೇಸರವಿಲ್ಲದೆ. "ನಾಳೆಯ ಗೆರೆ ಯಾರ ಹತ್ರಾನೂ ಇಲ್ಲ. ನೀರು ಏರಿದ ವರ್ಷ ಜಾಸ್ತಿ ನಡುಗುತ್ತೆ, ಅಷ್ಟು ಗೊತ್ತು. ಯಾವತ್ತು, ಎಷ್ಟು ಹೊತ್ತಿಗೆ, ಯಾರಿಗೆ ಗೊತ್ತು?"

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆದರೆ ಅವನು ಸುಳ್ಳು ಹೇಳುತ್ತಿಲ್ಲ. ಸತ್ಯವೇ ಅಡ್ಡಗೋಡೆಯ ಮೇಲೆ ಕೂತಿದೆ. ದಿನಕರ ಹೊರಡಲು ತಿರುಗಿ, ಮತ್ತೆ ನಿಂತು, ಬಾಯಿ ತನಗೆ ತಾನೇ ತೆರೆದುಕೊಂಡಂತೆ ಇನ್ನೊಂದು ಪ್ರಶ್ನೆ ಕೇಳಿದ. ಸೂಜಿಯನ್ನು ಸ್ವಲ್ಪ ಹೆಚ್ಚು ಒತ್ತಿಬಿಟ್ಟರೆ ಏನಾಗುತ್ತದೆ?

"ಮಸಿಯಲ್ಲೇ ತಿಕ್ಕಿಕೊಂಡು ಹೋಗುತ್ತೆ. ಸಣ್ಣ ನಡುಕ ಎಲ್ಲ ಸತ್ತುಹೋಗುತ್ತೆ, ಗೆರೆ ಮಾತ್ರ ಚಂದ ಬರುತ್ತೆ." ಪರಚುರೆ ನಕ್ಕ. "ಯಾಕೆ, ಅಂಥ ದಡ್ಡ ಯಾರಿದಾನೆ?"

ದಿನಕರನೂ ನಕ್ಕ. ಅವನಿಗೆ ಚೆನ್ನಾಗಿ ಬರುವ ನಗು ಇದೊಂದೇ. ಆ ಡಿಸೆಂಬರಿನಲ್ಲಿ, ಭೂಕಂಪ ಆಗಿ ಎಂಟು ದಿನದ ಮೇಲೆ, ಡೇರೆಯೊಳಗೆ ಅಧಿಕಾರಿಗಳಿಗೆ ಚಹಾ ಕೊಡುತ್ತ ಕೇಳಿಸಿಕೊಂಡಿದ್ದ: ಜಲಾಶಯದ ಆಚೆ ದಂಡೆಯ ಯಂತ್ರದಲ್ಲಿ ಊರು ಬೀಳುವ ಹಿಂದಿನ ದಿನ ಹನ್ನೊಂದು ಸಣ್ಣ ನಡುಕ ದಾಖಲಾಗಿವೆಯಂತೆ. ಹನ್ನೊಂದು. ಕಪ್ಪು ಬಸಿ ಕೈಯಲ್ಲೇ ಇದ್ದವು, ಚೆಲ್ಲಲಿಲ್ಲ. ಅವನು ಎಲ್ಲರಿಗೂ ಚಹಾ ಕೊಟ್ಟು ಮುಗಿಸಿ, ಹಿಂದೆ ಹೋಗಿ ಕಪ್ಪು ಬಸಿ ಒಂದೊಂದಾಗಿ ತೊಳೆದಿಟ್ಟ. ಹನ್ನೊಂದಿದ್ದರೆ ಏನಂತೆ, ಇಪ್ಪತ್ತು ಮೂವತ್ತು ನಡುಗಿದ ದಿನಗಳೂ ಏನೂ ಆಗದೆ ಹೋಗಿವೆ ಎಂದು ಆಮೇಲೆ ಸಾವಿರ ಸಲ ತನಗೆ ತಾನೇ ವಾದಿಸಿದ್ದಾನೆ. ವಾದ ಸರಿಯಾಗಿಯೇ ಇದೆ. ಆದರೆ ಹನ್ನೊಂದು ಮುಳ್ಳು ಕಾಗದದ ಮೇಲೆ ಕಂಡಿದ್ದರೆ ಅವನು ಹೊಸ ಅಂಗಿ ತೊಟ್ಟು ಆ ಮಾತು ಹೇಳಲು ಹೋಗುತ್ತಿರಲಿಲ್ಲ. ಅಲ್ಲಿಗೆ ವಾದ ನಿಂತುಹೋಗುತ್ತದೆ. ಆ ಕಾಗದ ಈಗಲೂ ಅವನ ಟ್ರಂಕಿನ ತಳದಲ್ಲಿ, ವತ್ಸಲಾಳ ಮದುವೆಯ ಸೀರೆಯ ಕೆಳಗೆ ಇದೆ. ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಸುಡಬೇಕೆಂದು ಎರಡು ಸಲ ತೆಗೆದಿದ್ದ. ಕೊಡಬೇಕೆಂದೂ ಒಂದು ಸಲ ತೆಗೆದಿದ್ದ. ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು.

ಮಧ್ಯಾಹ್ನ ಊಟಕ್ಕೆ ಹೋದಾಗ ವತ್ಸಲಾ ವಿಷಯ ಕೇಳಿ, ಗೊತ್ತಿಲ್ಲ ಅಂತ ಹೇಳಿ ಬಂದುಬಿಡಿ, ಅದಕ್ಕೇಕೆ ಇಷ್ಟು ಮೋರೆ ಎಂದಳು. ಅವಳು ಹೇಳಿದರೆ ಎಲ್ಲವೂ ಸುಲಭ. ಗೊತ್ತಿಲ್ಲ. ಎರಡು ನಿಮಿಷದ ಕೆಲಸ. ಆಮೇಲೆ ಕೂಸು ಗಾಳಿಯಲ್ಲಿ ಗೊರಗುಟ್ಟುತ್ತ ಮಲಗುತ್ತದೆ. ನರ್ಸು ಬಂದು ನೋಡಿ, ಗಾಳಿ ತಾಗಿಸಬೇಡಿ, ಎದೆ ಕಟ್ಟಿದರೆ ನನ್ನ ಕೈಯಲ್ಲಿಲ್ಲ ಎಂದು ಹೇಳಿ ಹೋಗಿದ್ದಾಳೆ. ಒಳಗೆ ಅಂದರೆ ಕಲ್ಲು. ಹೊರಗೆ ಅಂದರೆ ಥಂಡಿ. ಸುಮ್ಮನಿದ್ದರೆ ಬಸ್ಸು. ಒಂಬತ್ತು ದಿನ ತುಂಬಿದೆ, ಇನ್ನು ಮೂರು ದಿನಕ್ಕೆ ಹೆಸರಿಡಬೇಕು. ದಿನಕರ ಅದನ್ನು ಇನ್ನೂ ನೋಡಿಯೂ ಇಲ್ಲ. ಹೆರಿಗೆಯ ದಿನ ಹೋಗಲಿಲ್ಲ, ಐದನೆಯ ದಿನದ ಪೂಜೆಗೂ ಹೋಗಲಿಲ್ಲ, ಡ್ಯೂಟಿ ಎಂದ. ಡ್ಯೂಟಿ ಎಂಬ ಈ ಮಾತು ಅವನ ಬಾಯಿಗೆ ಎಷ್ಟು ಬೇಗ ಬರುತ್ತದೆ. ಆ ಸಂಜೆಯೂ ಬಂದಿತ್ತು. ಸಖಾರಾಮ, ಸಾಹೇಬರು ಹೇಳಿದ ಮೇಲೆ ಆಯಿತಲ್ಲ ಎಂದು ಬಗ್ಗಿ ಸಲಾಮು ಹೊಡೆದು ಚಾಪೆ ಸುತ್ತಿದ್ದ. ಹುಡುಗರು ಹೋ ಎಂದು ಒಳಗೆ ಓಡಿದ್ದರು. ಹೌಸಾಬಾಯಿ ಹೊಸ್ತಿಲಲ್ಲಿ ನಿಂತು, ಕತ್ತಲಾಯಿತು, ನೀನೂ ಇಲ್ಲೇ ಉಳಿ, ಬೆಳಿಗ್ಗೆ ಹೋಗು, ಕಡಲೆಹಿಟ್ಟಿನ ಬಿಸಿ ಪಿಠಲೆ ಮಾಡಿದ್ದೇನೆ ಎಂದಿದ್ದಳು. ಅವನು, ಬೆಳಿಗ್ಗೆ ಡ್ಯೂಟಿ ಇದೆ ಎಂದ. ಕ್ವಾರ್ಟರ್ಸಿಗೆ ನಡೆದು ಹೋಗಿ ತಗಡಿನ ಸೂರಿನ ಕೆಳಗೆ ಮಲಗಿದ. ತಗಡು ಬಿದ್ದರೆ ಸಾಯುವುದಿಲ್ಲ. ನಿಜಕ್ಕೂ ಡ್ಯೂಟಿಗೆಂದು ಹೋದನೋ, ತನ್ನ ಮಾತನ್ನು ತಾನೇ ಪೂರ್ತಿ ನಂಬದೆ ಹೋದನೋ? ಸೂಜಿ ಬಗ್ಗಿಸಿದ್ದನ್ನು ಅವನು ಒಂದು ದಿನ ಕ್ಷಮಿಸಿಕೊಳ್ಳಬಹುದು. ಈ ಪ್ರಶ್ನೆಯನ್ನು ಕ್ಷಮಿಸಿಕೊಳ್ಳಲು ಆಗಿಲ್ಲ, ಏಕೆಂದರೆ ಉತ್ತರ ನಿಜವಾಗಿಯೂ ನೆನಪಿಲ್ಲ.

ನಾಲ್ಕು ಗಂಟೆಗೆ ಹೊರಟ. ಟ್ರಂಕು ತೆಗೆದು, ಕಾಗದವನ್ನು ಸುರುಳಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡಿದ್ದ. ಅಕ್ಕನಿಗೆ ಹೇಳಿಬಿಡಬೇಕು. ಮೊದಲು ಅದನ್ನು ಹೇಳಬೇಕು, ಆಮೇಲೆ ಅವಳೇ ಅನ್ನುತ್ತಾಳೆ, ನಿನ್ನ ಮಾತು ಇನ್ನು ಬೇಡ ಎಂದು. ಅಷ್ಟಾದರೆ ಸಾಕು. ದಾರಿ ನೀರಿನ ಅಂಚಿನಲ್ಲೇ ಹೋಗುತ್ತದೆ. ಕೊಯ್ನೆಯ ನೀರು ಈ ವರ್ಷ ಡಿಸೆಂಬರಿನಲ್ಲೂ ಕಂಠಮಟ್ಟ ನಿಂತಿದೆ, ಗುಡ್ಡದ ಕಣಿವೆಗಳೊಳಗೆಲ್ಲ ಕೈ ಚಾಚಿ. ಅವರ ಹಳೆಯ ಊರು ಅದರ ಕೆಳಗಿದೆ, ಊರ ದೇವಿ ವಾಘಜಾಯಿಯೂ ಅಲ್ಲೇ ಇದ್ದಾಳೆ. ಅವಳನ್ನು ಎತ್ತಲು ಹೋದ ದಿನ ಕಲ್ಲು ಅಲುಗಲಿಲ್ಲ, ನೀರು ಬಂದುಬಿಟ್ಟಿತು. ನೀರಿಗೂ ನಡುಕಕ್ಕೂ ಸಂಬಂಧವಿದೆಯೇ ಇಲ್ಲವೇ ಎಂದು ಸಾಹೇಬರುಗಳು ವರ್ಷಗಟ್ಟಲೆ ವಾದ ಮಾಡಿದರು, ದಿನಕರ ಚಹಾ ಕೊಡುತ್ತ ಎರಡೂ ಕಡೆಯವರ ಮಾತು ಕೇಳಿದ. ಹೌಸಾಬಾಯಿಗೆ ಆ ವಾದ ಬೇಕಾಗಿರಲಿಲ್ಲ. ಇಷ್ಟು ನೀರು ಬೆನ್ನ ಮೇಲೆ ಹೇರಿದರೆ ಎತ್ತೂ ಮಗ್ಗುಲು ಬದಲಿಸುತ್ತದೆ, ದೇವಿ ಬದಲಿಸಬಾರದೇ ಎಂದಿದ್ದಳು. ಒಂದು ಕಡೆ ಅವನು ನಿಂತು ನೀರನ್ನು ನೋಡಿದ. ಕಾಗದವನ್ನು ಇಲ್ಲೇ ಎಸೆದರೆ? ಮಸಿಯ ಕಾಗದ, ಅರಗು ಹಿಡಿಸಿದ್ದು, ತೇಲುತ್ತದೆ. ಎಸೆಯಲಿಲ್ಲ. ತಾನೇ ಇಳಿದರೆ ಎಂದೂ ಒಂದು ಕ್ಷಣ ಅನ್ನಿಸಿತು, ಅದೂ ಹೊಸ ಯೋಚನೆಯಲ್ಲ. ಆದರೆ ಅವಳು ಸಂಜೆಯೊಳಗೆ ಬಾ ಎಂದಿದ್ದಾಳೆ.

ಹೌಸಾಬಾಯಿಯ ಅಂಗಳದಲ್ಲಿ ಬೀಗಿತ್ತಿ ಪಾರೂಬಾಯಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಅವನು ಬಂದದ್ದು ತಿಳಿದು, ಯಾರಿಗೋ ಎಂಬಂತೆ ಬೇಲಿಗೆ ಹೇಳತೊಡಗಿದಳು. ತನ್ನೂರಿನಲ್ಲೂ ನಡುಗುತ್ತದಂತೆ, ಆದರೂ ಬಾಣಂತಿಯರು ಕೋಣೆಯಲ್ಲೇ ಮಲಗುತ್ತಾರಂತೆ, ಮಂಚದ ಕೆಳಗೆ ಕೆಂಡ ಇಟ್ಟುಕೊಂಡು. ಕೂಸನ್ನು ನಾಯಿಮರಿಯ ಹಾಗೆ ಬಯಲಲ್ಲಿ ಮಲಗಿಸುವ ತವರು ಇದೊಂದೇ ಅಂತೆ. ಮಗ ಮುಂಬಯಿಯ ಮಿಲ್ಲಿನಲ್ಲಿ ಬೆವರು ಸುರಿಸುತ್ತಿದ್ದಾನೆ, ಇಲ್ಲಿ ಅವನ ವಂಶ ಸೀನುತ್ತಿದೆ. ಆಮೇಲೆ ತಿರುಗಿ, ದಿನಕರನನ್ನೇ ನೇರವಾಗಿ ನೋಡಿದಳು. "ಒಂದು ಮಾತು ಹೇಳಾಕ ಇಡೀ ದಿನ ಬೇಕಾತೇನ್ರಿ ಮಾಮಾ? ಭೂಮಿ ಕೇಳಿ ಬರಾಕ ಹೋಗಿದ್ರೇನು?" ದಿನಕರ ಚಪ್ಪರದ ಕಡೆಗೆ ತಿರುಗಿದ.

ಹುಲ್ಲಿನ ಚಪ್ಪರದ ಕೆಳಗೆ ಶೇವಂತಾ ಕಿವಿಗೆ ಬಟ್ಟೆ ಕಟ್ಟಿಕೊಂಡು, ಮೂರು ಕಂಬಳಿಯೊಳಗೆ ಕೂಸನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಅವಳ ತುಟಿ ನೀಲಿಯಾಗಿತ್ತು. ಹದಿನೇಳು ವರ್ಷದ ಹಿಂದೆ ಆ ನಸುಕಿನಲ್ಲಿ ಹೊಟ್ಟೆನೋವಿಗೆ ಅತ್ತಳೆಂದು ಹೌಸಾಬಾಯಿ ಇವಳನ್ನು ಎತ್ತಿಕೊಂಡು ಬೇಲಿಯ ಹತ್ತಿರ ಕೂರಿಸಿದ್ದಳು. ಹಿಂದಿನಿಂದ ಸದ್ದು ಬಂತು. ತಿರುಗಿ ನೋಡಿದರೆ ಮನೆ ಇದ್ದ ಕಡೆ ಧೂಳು ಇತ್ತು. ಸಖಾರಾಮನೂ ಹುಡುಗರಿಬ್ಬರೂ ಅದರ ಕೆಳಗಿದ್ದರು. ಶೇವಂತಾ ಮಾಮಾ ಎಂದಳು, ಕಂಬಳಿ ಸರಿಸಿ ತೋರಿಸಿದಳು. ಕೆಂಪು ಸುಕ್ಕು ಮುಖ, ಮುಚ್ಚಿದ ಕಣ್ಣು. ಪ್ರತಿ ಉಸಿರಿಗೂ ಎದೆಯ ಕೆಳಗೆ ಒಂದು ಗುಳಿ ಬೀಳುತ್ತಿತ್ತು. ಸೂಜಿಯನ್ನು ಓದಿ ಓದಿ ರೂಢಿಯಾದ ಅವನ ಕಣ್ಣು ಆ ಗುಳಿಯನ್ನೇ ಎಣಿಸತೊಡಗಿತು. ಸಾಕು, ಮುಚ್ಚು, ಗಾಳಿ ಎಂದ.

ಹೌಸಾಬಾಯಿ ಮನೆಯ ಹಿಂದೆ ಕಟ್ಟಿಗೆ ಒಡೆಯುತ್ತಿದ್ದಳು. ಅವನು ಹೋಗಿ ನಿಂತ. ಅವಳು ಕೊಡಲಿ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಅವನನ್ನು ನೋಡಿದಳು. ಅವನು ಅಂಗಿಯೊಳಗಿನಿಂದ ಕಾಗದ ತೆಗೆದು ಬಿಡಿಸಿದ. ಅಂಚುಗಳು ಪುಡಿಯಾಗಿ ಉದುರಿದವು. ಅವಳಿಗೆ ಓದಲು ಬರುವುದಿಲ್ಲ, ಆದರೆ ಈ ಗೆರೆ ಓದಲು ಓದು ಬೇಕಿಲ್ಲ. ಅವನು ಹೇಳಿದ. ಸೂಜಿ, ಇರುವೆ ಹರಿದಂಥ ಗೆರೆ, ಬಂದವರ ನಗು, ಕೂದಲೆಳೆ, ಆಚೆ ದಂಡೆಯ ಹನ್ನೊಂದು. ಹೇಳುತ್ತಿದ್ದಂತೆ ಅದು ಎಷ್ಟು ಸಣ್ಣ ಸಂಗತಿ ಎಂದು ಅವನಿಗೇ ನಾಚಿಕೆಯಾಯಿತು. ಮೂರು ಹೆಣಕ್ಕೆ ಇಷ್ಟು ಸಣ್ಣ ಕಾರಣ ಕೊಡುತ್ತಿದ್ದೇನೆ. ಕೊನೆಗೆ, "ಭೂಮಿ ಮಲಗಿರಲಿಲ್ಲ ಅಕ್ಕಾ. ನನ್ನ ಸೂಜಿ ಮಲಗಿತ್ತು. ಇನ್ನ ನನ್ನ ಮಾತು ಕೇಳಬ್ಯಾಡ," ಎಂದ.

ಅವಳು ಕಾಗದ ಮುಟ್ಟಲಿಲ್ಲ. ಬಗ್ಗಿ ಒಡೆದ ಕಟ್ಟಿಗೆಯನ್ನು ಒಟ್ಟತೊಡಗಿದಳು. ಅವಳು ಹೊಡೆಯಲಿ ಎಂದು ಅವನು ಕಾದ. ಬೈಯಲಿ, ಶಾಪ ಹಾಕಲಿ, ಎದೆ ಬಡಿದುಕೊಂಡು ಅಳಲಿ. ಹದಿನೇಳು ವರ್ಷ ಅವನು ಈ ಕ್ಷಣವನ್ನು ಬಗೆಬಗೆಯಾಗಿ ಕಟ್ಟಿಕೊಂಡಿದ್ದ. ಪ್ರತಿ ಸಲವೂ ಕೊನೆಯಲ್ಲಿ ಏನೋ ಒಂದು ಇಳಿದು ಹೋಗುತ್ತಿತ್ತು.

"ನಿನ್ನ ಸೂಜಿ ನಂಬಿ ನಾ ಒಳಗ ಹೋದ್ನಿ ಅಂತ ತಿಳದೀಯೇನು?" ಎಂದಳು ಹೌಸಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನನಗ ಥಂಡಿ ಆಗಿತ್ತೋ. ಮೂರು ತಿಂಗಳು ನೆಲದ ಮ್ಯಾಲೆ ಬಿದ್ದು ಬೆನ್ನು ಮರಗಟ್ಟಿತ್ತು. ಯಾರರ ಒಬ್ಬರು ಒಳಗ ಹೋಗು ಅನ್ನಲಿ ಅಂತ ದಿನಾ ಕಾಯಾಕತ್ತಿದ್ನಿ. ನೀ ಬಂದಿ, ಅಂದಿ. ನೀ ಅನ್ನದಿದ್ರ ಬಂಡೂನ ಅಪ್ಪ ಅಂದ್ರೂ ಹೋಗತಿದ್ನಿ." ಆಮೇಲೆ, ಇನ್ನೂ ಮೆಲ್ಲಗೆ, "ಆ ರಾತ್ರಿ ಎಷ್ಟು ಬೆಚ್ಚಗ ನಿದ್ದಿ ಬಂದಿತ್ತು ಗೊತ್ತೈತೇನು ನಿನಗ? ಹಂಥಾ ನಿದ್ದಿ ಮತ್ತ ಬಂದಿಲ್ಲ. ಆ ನಿದ್ದಿ ನೆನಸಿಕೊಂಡ್ರ ನನಗ ನನ್ನ ಮ್ಯಾಲೇ ಹೇಸಿಗಿ."

ಇಷ್ಟು ವರ್ಷ ದಿನಕರ ತನ್ನದು ಎಂದು ಒಬ್ಬನೇ ಅಪ್ಪಿಕೊಂಡಿದ್ದ ಪಾಪದಲ್ಲಿ ಅವಳೂ ಅರ್ಧ ಪಾಲು ಹೊತ್ತು ಅಂಗಳದಲ್ಲಿ ಮಲಗಿದ್ದಳು. ಅವನ ಮನಸ್ಸಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಕಾಗದ ಕೈಯಲ್ಲಿ ಸುಮ್ಮನೆ ಜೋತಿತ್ತು. ಅವಳು ಅದನ್ನು ಈಗ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಕಟ್ಟಿಗೆಯ ಮೇಲೆ ಇಟ್ಟಳು, ಒಲೆಗೆ ಹಾಕಲು ಎಂಬಂತೆ.

"ಈಗ ಮತ್ತ ಅನ್ನು," ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೆದರಿಕೆಯಾಯಿತು. ತನಗೆ ಏನೂ ಗೊತ್ತಿಲ್ಲ, ಗೆರೆ ನಿನ್ನೆಯದು, ಸಾಹೇಬನಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ ಎಂದು ತೊದಲಿದ. ಅವಳು ಗೊತ್ತು ಎಂಬಂತೆ ತಲೆಯಾಡಿಸಿದಳು. ಅಂಗಳದಲ್ಲಿ ಕೂಸು ಸೀನಿತು, ಆಮೇಲೆ ಕೆಮ್ಮಲು ಹೋಗಿ ಉಸಿರು ಸಿಕ್ಕದೆ ಒಂದು ಸಣ್ಣ ಸದ್ದು ಮಾಡಿತು. ಅವಳು ಅತ್ತ ನೋಡಲಿಲ್ಲ.

"ಗೊತ್ತೈತಿ ಅಂತ ಕೇಳಾಕತ್ತಿಲ್ಲೋ ನಾ. ಕೂಸು ಹೊರಗ ಇದ್ರ ಉಳಿಯೂದಿಲ್ಲ, ಅಷ್ಟು ನನಗ ಕಾಣತೈತಿ. ಆದ್ರ ಒಳಗ ಹೋಗು ಅನ್ನಾಕ ನನ್ನ ಬಾಯಿ ಏಳೂದಿಲ್ಲ. ಒಮ್ಮಿ ಒಳಗ ಕರಕೊಂಡು ಹೋದಾಕಿ ನಾನು. ನೀ ಅನ್ನು. ಆವತ್ತ ಅಂದಂಗ ಅನ್ನು."

ಬೆಳಕು ಆಚೆ ಗುಡ್ಡದ ಹಿಂದೆ ಇಳಿದಿತ್ತು. ನೀರಿನ ಮೇಲಿನಿಂದ ಗಾಳಿ ಎದ್ದಿತು, ಡಿಸೆಂಬರಿನ ಗಾಳಿ, ಚಪ್ಪರದ ಹುಲ್ಲು ಸದ್ದು ಮಾಡಿತು. ದಿನಕರ ಅಂಗಳಕ್ಕೆ ಬಂದ, ಹಿಂದೆಯೇ ಹೌಸಾಬಾಯಿ. ಪಾರೂಬಾಯಿ ಕಟ್ಟೆಯಿಂದ ಎದ್ದು ನಿಂತಳು. ಶೇವಂತಾ ತಲೆ ಎತ್ತಿದಳು. ಅವನು ಆವತ್ತಿನ ಹಾಗೆಯೇ ನೆಟ್ಟಗೆ ನಿಂತ.

"ಭೂಮಿ ಮಲಗೇತಿ ಅಕ್ಕಾ," ಎಂದ. "ನೀವೂ ಒಳಗ ಹೋಗಿ ಮಲಗ್ರಿ."

ಅಕ್ಷರಕ್ಕೆ ಅಕ್ಷರ ಅದೇ. ದನಿ ಮಾತ್ರ ಮುದುಕನದು. ಪಾರೂಬಾಯಿ, ಇದನ್ನು ಬೆಳಿಗ್ಗೆಯೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಗೊಣಗುತ್ತ ಕೆಂಡ ತುಂಬಲು ಓಡಿದಳು. ಶೇವಂತಾಳನ್ನು ಹಿಡಿದು ಎಬ್ಬಿಸಿದರು. ಕಂಬಳಿಗಳು ಹೋದವು, ಮಂಚ ಹೋಯಿತು, ಕೂಸು ಹೋಯಿತು. ಕೊನೆಗೆ ಹೌಸಾಬಾಯಿ ತನ್ನ ಚಾಪೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಹೊಸ್ತಿಲ ಹತ್ತಿರ ಬೋರಲು ಗಂಗಾಳ, ಅದರ ಮೇಲೆ ತುಂಬಿದ ಚೊಂಬು, ದಿನಾ ಇಡುವ ಹಾಗೆಯೇ ಇಟ್ಟಳು. ಹೊಸ್ತಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ತಲೆ ತಗ್ಗಿಸಿ, ಹದಿನೇಳು ವರ್ಷಗಳ ಮೇಲೆ ನಿದ್ದೆಗಾಗಿ ಒಳಗೆ ಹೋದಳು.

ದಿನಕರ ಅಂಗಳದಲ್ಲಿ ಒಬ್ಬನೇ ಉಳಿದ. ಕ್ವಾರ್ಟರ್ಸಿಗೆ ಮುಕ್ಕಾಲು ಗಂಟೆಯ ದಾರಿ. ಬೆಳಿಗ್ಗೆ ಎಂಟಕ್ಕೆ ಕಾಗದ ಬದಲಿಸಬೇಕು. ಅವನ ಕಾಲು ಆಗಲೇ ಬೇಲಿಯ ಕಡೆಗೆ ಎರಡು ಹೆಜ್ಜೆ ಹಾಕಿತ್ತು.

"ಕತ್ತಲಾತು," ಒಳಗಿನಿಂದ ಹೌಸಾಬಾಯಿಯ ದನಿ ಬಂತು. "ನೀನೂ ಬಾ ಒಳಗ. ಪಿಠಲೆ ಮಾಡೇನಿ."

ಡ್ಯೂಟಿ ಎಂಬ ಮಾತು ಎಂದಿನಂತೆ ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಅದನ್ನು ನುಂಗಿದ. ಚಪ್ಪಲಿ ಬಿಟ್ಟ. ಚೊಂಬು ತಾಗದ ಹಾಗೆ ಕಾಲೆತ್ತಿಟ್ಟು, ಬಗ್ಗಿ, ಒಳಗೆ ಹೋದ. ಕೆಂಡದ ಬೆಳಕಿನಲ್ಲಿ ನಾಲ್ಕೂ ಗೋಡೆಯ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು. ಶೇವಂತಾಳ ಮಂಚವನ್ನು ಯಾವ ಗೋಡೆಗೆ ಹಾಕಿದ್ದರೋ ಆ ಗೋಡೆಗೂ ಮಂಚಕ್ಕೂ ನಡುವೆ ಒಂದು ಮೊಳದ ಜಾಗವಿತ್ತು. ಅವನು ಅಲ್ಲಿ, ಕಲ್ಲಿಗೂ ಕೂಸಿಗೂ ನಡುವೆ, ತೂರಿಕೊಂಡು ಕೂತ. ಅಲ್ಲೇಕೆ ಕೂರುತ್ತೀ, ಈಚೆ ಬಾ ಎಂದರು. ಇಲ್ಲೇ ಸರಿ ಎಂದ. ಕಲ್ಲಿನ ಥಂಡಿ ಅಂಗಿ ದಾಟಿ ಬೆನ್ನಿಗೆ ಬಂತು. ತಟ್ಟೆಯನ್ನು ಅಲ್ಲೇ ಕೊಟ್ಟರು, ಉಂಡ. ಕೂಸಿನ ಗೊರಗೊರ ಕಿವಿಯ ಹತ್ತಿರವೇ ಇತ್ತು. ಬೆಚ್ಚಗಾದಂತೆ ಅದು ಸ್ವಲ್ಪ ಸಡಿಲವಾದಂತೆ ಅನ್ನಿಸಿತು, ಅಥವಾ ಅವನಿಗೆ ಹಾಗೆ ಬೇಕಾಗಿತ್ತು. ಓರೆ ಮಾಡಿದ ಬಾಗಿಲ ಸಂದಿನಲ್ಲಿ ಚೊಂಬಿನ ನೀರು ಕಾಣುತ್ತಿತ್ತು. ಅಲುಗಲಿಲ್ಲ. ಅಲುಗದಿದ್ದರೆ ಅದು ಏನನ್ನೂ ಹೇಳುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕಣಿವೆಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹೌಸಾಬಾಯಿಯ ಗೊರಕೆ ಕೇಳಿಸಿತು, ಆಳವಾದ, ಬೆಚ್ಚನೆಯ ಗೊರಕೆ. ದಿನಕರ ಕಣ್ಣು ಮುಚ್ಚದೆ, ಎರಡೂ ಅಂಗೈಗಳನ್ನು ಹಿಂದಕ್ಕೆ ಚಾಚಿ ಗೋಡೆಗೆ ಒತ್ತಿಕೊಂಡು, ಕೂತೇ ಇದ್ದ.